ಎತ್ತಿ ಕುಡಿದ ಬಿಯರು

ರಾಮಪ್ರಸಾದರು ಸ್ಟೀಲ್ ಲೋಟವನ್ನು ಮುಖದಿಂದ ಒಂದು ಗೇಣು ಮೇಲೆ ಹಿಡಿದು, ತಲೆಯನ್ನು ಹಿಂದಕ್ಕೆ ವಾಲಿಸಿ, ತಣ್ಣಗೆ ಕೊರೆಯುತ್ತಿದ್ದ ಬಿಯರನ್ನು ಬಾಯಿಗೆ ಸುರಿದುಕೊಂಡರು. ನೊರೆಯಲ್ಲಿ ಅರ್ಧ ಗದ್ದಕ್ಕೆ, ಉಳಿದರ್ಧ ಬನಿಯನ್ನಿಗೆ. ಬಾಯೊಳಗೆ ಹೋದಷ್ಟನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ನಾಲ್ಕು ಸಲ ಆಡಿಸಿ, ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಉಗಿದರು. ಆಮೇಲೆ ಹೆಗಲ ಮೇಲಿನ ಟವೆಲ್ಲಿನಿಂದ ಗದ್ದ ಒರೆಸಿಕೊಂಡರು. ನಾಲಿಗೆಯ ತುದಿಗೆ ಒಂಚೂರು ಸಿಹಿ, ಬುಡಕ್ಕೆ ಒಂಚೂರು ಕಹಿ. ಅಷ್ಟೇ.

"ಹಣ್ಣೇ ಇಲ್ಲವಲ್ಲೋ ಇದರಲ್ಲಿ" ಎಂದರು.

ಎದುರಿಗೆ ನೋಟ್‌ಬುಕ್ಕು, ಪೆನ್ನು ಹಿಡಿದು ನಿಂತಿದ್ದ ಶ್ರೀಕರನ ಮುಖ ಇಳಿದುಹೋಯಿತು. "ದೊಡ್ಡಪ್ಪ, ಹೋದ್ಸಲಕ್ಕಿಂತ ಡಬಲ್ ಹಾಕಿದೀನಿ. ಹದಿನಾಲ್ಕು ಚಕ್ಕೋತದ ಜ್ಯೂಸು, ಮೇಲ್ಸಿಪ್ಪೆಯ ತುರಿ ಬೇರೆ. ತೊಳೆ ಬಿಡಿಸಿ ಬಿಡಿಸಿ ನನ್ನ ಉಗುರೆಲ್ಲಾ ಹೋಯ್ತು."

"ಹಾಕಿರಬಹುದಪ್ಪಾ. ಬಂದಿಲ್ಲ ಅಂದ್ರೆ ಬಂದಿಲ್ಲ."

"ಇನ್ನೊಂದ್ಸಲ ನೋಡ್ತೀರಾ?"

"ಎಷ್ಟು ಸಲ ನೋಡಿದ್ರೂ ಅದೇ. ಇಲ್ಲದೇ ಇರೋದನ್ನ ಎಲ್ಲಿಂದ ತರಲಿ ನಾನು?"

ಇದು ಮೂರನೆಯ ಸಲ. ೨೦೦೯ರ ಗಣೇಶನ ಹಬ್ಬದ ಮಾರನೆಯ ವಾರ ಮೊದಲ ಸಲ, ಪಿತೃಪಕ್ಷ ಮುಗಿದ ಮೇಲೆ ಎರಡನೆಯ ಸಲ, ಈಗ ದೀಪಾವಳಿಯ ಹಿಂದುಮುಂದು ಮೂರನೆಯ ಸಲ. ಪ್ರತಿ ಸಲವೂ ಶ್ರೀಕರ ಮೂರು ವಾರ ಕಾಯುತ್ತಾನೆ, ಬಾಟಲಿಯನ್ನು ಫ್ರಿಜ್ಜಿನಲ್ಲಿ ಮಂಜುಗಟ್ಟುವಷ್ಟು ತಣ್ಣಗಿಟ್ಟು ತರುತ್ತಾನೆ. ಪ್ರತಿ ಸಲವೂ ರಾಮಪ್ರಸಾದರು ಎತ್ತಿ ಸುರಿದುಕೊಂಡು, ಉಗಿದು, ಹಣ್ಣಿಲ್ಲ ಎನ್ನುತ್ತಾರೆ. ಅವನು ಮುಖ ಸಣ್ಣದು ಮಾಡಿಕೊಂಡು ಮಹಡಿ ಹತ್ತುತ್ತಾನೆ. ಇವರಿಗೆ ಆ ದಿನವೆಲ್ಲ ತಲೆ ಕೆಟ್ಟುಹೋಗಿರುತ್ತದೆ.

ತಲೆ ಕೆಡುವುದಕ್ಕೆ ಕಾರಣ ಬಿಯರಲ್ಲ. ಬಿಯರು ಹಾಳಾಗಿ ಹೋಗಲಿ, ಅವರಿಗೇನು? ಅರವತ್ತೇಳು ವರ್ಷ ಅದಿಲ್ಲದೆಯೇ ಬದುಕಿದವರು. ಕಾರಣ ಅವರ ನಾಲಿಗೆ.

ಜಯನಗರದ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹಿಂದಿನ ರಸ್ತೆಯಲ್ಲಿ ದಾಸಪ್ಪನವರ ಕಾಫಿಪುಡಿ ಅಂಗಡಿ ಇತ್ತಲ್ಲ, ಅಲ್ಲಿ ರಾಮಪ್ರಸಾದರು ಮೂವತ್ತಮೂರು ವರ್ಷ ರುಚಿ ನೋಡಿದವರು. ಬೆಳಿಗ್ಗೆ ಹತ್ತು ಗಂಟೆಗೆ ಅವರ ಮುಂದೆ ಆರು ಲೋಟ ಕುದಿಯುವ ಡಿಕಾಕ್ಷನ್ ಸಾಲಾಗಿ ಇಡುತ್ತಿದ್ದರು. ಒಂದೊಂದನ್ನೂ ಎತ್ತಿ ಬಾಯಿಗೆ ಸುರಿದುಕೊಂಡು, ಉಗಿದು, ಈ ಮೂಟೆಯಲ್ಲಿ ನೆನೆದ ಬೀಜ ಸೇರಿದೆ, ಆ ಮೂಟೆ ಎರಡು ನಿಮಿಷ ಜಾಸ್ತಿ ಹುರಿದಿದೆ, ಇದಕ್ಕೆ ಚಿಕೋರಿ ಇಷ್ಟು ಸಾಕು ಎಂದು ಹೇಳಿ ಎದ್ದರೆ ಅದನ್ನು ಮತ್ತೆ ಕೇಳುವ ಧೈರ್ಯ ದಾಸಪ್ಪನವರಿಗೂ ಇರಲಿಲ್ಲ. ಪದ್ಮನಾಭನಗರದಿಂದ, ಗಿರಿನಗರದಿಂದ ಎರಡು ಬಸ್ಸು ಬದಲಾಯಿಸಿ ಬಂದು ಅರ್ಧ ಕೆಜಿ ಒಯ್ಯುವವರಿದ್ದರು. "ರಾಮಪ್ರಸಾದರು ನೋಡಿದ್ದು ತಾನೇ?" ಎಂದು ಕೇಳಿಯೇ ಪೊಟ್ಟಣ ಕಟ್ಟಿಸಿಕೊಳ್ಳುತ್ತಿದ್ದರು.

ದಾಸಪ್ಪನವರು ತೀರಿಕೊಂಡರು, ಮಗ ಗಲ್ಲಾಕ್ಕೆ ಬಂದ. ಅವನು ಬಂದ ಆರು ತಿಂಗಳಿಗೆ ಪುಡಿಯಲ್ಲಿ ಸತ್ವ ಇಲ್ಲ ಅನ್ನಿಸತೊಡಗಿತು. ರಾಮಪ್ರಸಾದರು ಒಂದು ಸಲ ಹೇಳಿದರು, ಹತ್ತು ಸಲ ಹೇಳಿದರು. ಹನ್ನೊಂದನೆಯ ಸಲ ಆ ಹುಡುಗ ಮೊಬೈಲಿನಿಂದ ಕಣ್ಣೆತ್ತದೆ, "ಪುಡಿ ಅದೇ ಅಂಕಲ್. ನಿಮ್ಮ ನಾಲಿಗೆಗೆ ವಯಸ್ಸಾಯ್ತು" ಅಂದುಬಿಟ್ಟ. ಇವರು ಅಲ್ಲೇ ಟವೆಲ್ ಕೊಡವಿ ಎದ್ದುಬಂದರು. ಅದು ೨೦೦೭ರ ಮಾತು. ಎದ್ದುಬಂದದ್ದೇನೋ ಸರಿ, ಆದರೆ ಆ ಮಾತೂ ಅವರ ಜೊತೆಗೇ ಮನೆಗೆ ಬಂತು. ಎರಡು ವರ್ಷದಿಂದ ಊಟಕ್ಕೆ ಕೂತಾಗ ಹುಳಿಗೆ ಉಪ್ಪು ಸರಿಯಿದೆಯೋ ಇಲ್ಲವೋ ಎಂದು ಬಾಯಿ ಬಿಟ್ಟು ಹೇಳುವುದಕ್ಕೂ ಹೆದರಿಕೆ. ಹೇಳಿ, ಅದು ತಪ್ಪಾಗಿಬಿಟ್ಟರೆ?

ಅಂಥ ಹೊತ್ತಿನಲ್ಲಿ ಶ್ರೀಕರ ಬಂದು ನಾಲಿಗೆ ಕೇಳಿದ್ದು. ಅವನು ಇವರ ಹೆಂಡತಿ ಚೂಡಾಮಣಿಯ ತಂಗಿಯ ಮಗ, ಇಪ್ಪತ್ತಾರರ ಹುಡುಗ. ಮೈಕ್ರೋಬಯಾಲಜಿ ಓದಿ, ಎರಡು ವರ್ಷ ಯಾವುದೋ ಬಿಯರ್ ಕಾರ್ಖಾನೆಯ ಲ್ಯಾಬಿನಲ್ಲಿದ್ದು, ಅದನ್ನು ಬಿಟ್ಟು ಇವರ ಮನೆಯ ಮಹಡಿಯ ಕೋಣೆಯಲ್ಲಿದ್ದ. ಹೋಟೆಲಿನಲ್ಲೇ ಬಿಯರ್ ತಯಾರಿಸಿ ಅಲ್ಲೇ ಮಾರಲು ಸರ್ಕಾರ ಅನುಮತಿ ಕೊಡುತ್ತದಂತೆ ಎಂಬ ಸುದ್ದಿ ಆಗ ಊರಲ್ಲಿ ಓಡಾಡುತ್ತಿತ್ತು. ಜೆ.ಪಿ. ನಗರದ ರಿಂಗ್ ರೋಡಿನಲ್ಲಿ ಬಾರ್ ಮತ್ತು ರೆಸ್ಟೋರೆಂಟ್ ನಡೆಸುವ ಗೂಳಪ್ಪ ಎಂಬವರು, ಅನುಮತಿ ಸಿಕ್ಕ ದಿನವೇ ಶುರು ಮಾಡಬೇಕು, ಯಾರೂ ಮಾಡದಂಥದ್ದು ಮಾಡಿ ತೋರಿಸು, ನಿನ್ನನ್ನೇ ಇಟ್ಟುಕೊಳ್ಳುತ್ತೇನೆ ಎಂದು ಶ್ರೀಕರನಿಗೆ ಮಾತು ಕೊಟ್ಟಿದ್ದರು. ಗೋಧಿಯ ಬಿಯರಿಗೆ ಚಕ್ಕೋತದ ರಸ ಹಾಕುವುದು ಇವನ ಯೋಜನೆ. ಚಕ್ಕೋತದ ಮರ ದೊಡ್ಡಪ್ಪನ ಹಿತ್ತಿಲಲ್ಲೇ ಇತ್ತು, ದೊಡ್ಡಪ್ಪನ ನಾಲಿಗೆಯೂ ಮನೆಯಲ್ಲೇ ಇತ್ತು.

ಗೋಧಿ ಬೇಯುವಾಗ ಇಡೀ ಮನೆ ಹುರಿಹಿಟ್ಟಿನ ಹಾಗೆ ಘಮ್ಮೆಂದಿತ್ತು. ಚೂಡಾಮಣಿ ಸಂತೋಷದಿಂದ ಮೇಲೆ ಹೋಗಿ, ಏನು ಮಾಡ್ತಿದೀಯೋ ಎಂದು ಕೇಳಿ, ಉತ್ತರ ಸಿಕ್ಕಿದ ಮೇಲೆ ಒಂದು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಎರಡನೆಯ ದಿನ ತಂಗಿಯ ಮಗ ಎಂಬ ಮಮತೆ ಗೆದ್ದಿತು. ಆದರೆ ಗಂಡನಿಗೆ ಶರತ್ತು ಹಾಕಿದಳು.

"ಲೋಟ ತುಟಿಗೆ ತಾಗಕೂಡದು. ಒಂದು ತೊಟ್ಟೂ ಗಂಟಲಿಗೆ ಇಳೀಕೂಡದು. ಹಿತ್ತಿಲಲ್ಲಿ ನಿಂತು ನೋಡಿ, ಉಗೀರಿ, ಬಾಯಿ ಮುಕ್ಕಳಿಸ್ಕೊಂಡು ಒಳಗೆ ಬನ್ನಿ."

"ನಾನು ಯಾವತ್ತು ಕಚ್ಚಿ ಕುಡಿದಿದೀನಿ ಕಣೇ? ನೀರನ್ನೂ ಎತ್ತೇ ಕುಡಿಯೋನು ನಾನು."

ನಿಜ. ಎಂಜಲು ಎಂದರೆ ಅವರ ಮನೆತನದಲ್ಲಿ ಅಷ್ಟು ಕಟ್ಟುನಿಟ್ಟು. ಮದುವೆಯ ಮನೆಯಲ್ಲಿ, ರೈಲಿನಲ್ಲಿ, ಜ್ವರ ಬಂದು ಮಲಗಿದಾಗಲೂ ಅವರು ಲೋಟವನ್ನು ತುಟಿಗೆ ತಾಗಿಸಿದವರಲ್ಲ. ಕಾಫಿ ನೋಡಿದ್ದೂ ಹಾಗೇ, ಬಿಯರು ನೋಡುವುದೂ ಹಾಗೇ. ಇದರಲ್ಲಿ ಯೋಚಿಸಬೇಕಾದ್ದೇನಾದರೂ ಇದೆ ಎಂದು ಮೂವರಿಗೂ ಅನ್ನಿಸಲಿಲ್ಲ.

ಹಾಗಾಗಿ ಅವರು ಹಣ್ಣಿಲ್ಲ ಎಂದಾಗಲೆಲ್ಲ ಶ್ರೀಕರ ಹಣ್ಣು ಹೆಚ್ಚಿಸಿದ. ಮೊದಲ ಸಲ ಐದು ಚಕ್ಕೋತ, ಎರಡನೆಯ ಸಲ ಏಳು, ಮೂರನೆಯ ಸಲ ಹದಿನಾಲ್ಕು. ರಸದ ಕಹಿ ಹಿಡಿತಕ್ಕೆ ಬರಲಿ ಎಂದು ಬೆಲ್ಲವನ್ನೂ ಸುರಿದ. ಸಿಹಿ ಹೆಚ್ಚಿದಷ್ಟೂ ಹುಳಿಯುವಾಗ ಅಮಲು ಹೆಚ್ಚುತ್ತದೆ. ಅದು ಅವನಿಗೆ ಗೊತ್ತಿತ್ತು. ಮೂರನೆಯದನ್ನು ಅವನೇ ಒಂದು ಗ್ಲಾಸು ಕುಡಿದು ಮಧ್ಯಾಹ್ನ ಎರಡರಿಂದ ಐದರವರೆಗೆ ಮಲಗಿಬಿಟ್ಟಿದ್ದ. "ದೊಡ್ಡಪ್ಪ, ಸ್ವಲ್ಪ ಸ್ಟ್ರಾಂಗ್ ಆಗ್ತಿದೆ ಅನ್ಸುತ್ತೆ" ಎಂದು ಒಂದು ಸಲ ಮೆಲ್ಲಗೆ ಹೇಳಿಯೂ ನೋಡಿದ.

"ಸ್ಟ್ರಾಂಗು ಗೀಂಗು ನನಗೆ ಗೊತ್ತಿಲ್ಲ. ನಾನು ಉಗಿಯೋನು. ಹಣ್ಣಿಲ್ಲ, ಅದು ಗೊತ್ತು."

ಅವನು ಎದುರು ಮಾತಾಡಲಿಲ್ಲ. ಮೂವತ್ತಮೂರು ವರ್ಷದ ನಾಲಿಗೆಯ ಮುಂದೆ ತನ್ನದೇನು ಎಂದುಕೊಂಡ. ಎದುರು ಮಾತಾಡಿದ್ದರೆ ಎಷ್ಟೋ ವಾಸಿಯಿತ್ತು. ಆ ಹುಡುಗನ ಭಕ್ತಿ ನೋಡಿದರೆ ರಾಮಪ್ರಸಾದರಿಗೆ ಮೈ ಉರಿಯುತ್ತಿತ್ತು. ಏಕೆಂದರೆ ಹದಿನಾಲ್ಕು ಹಣ್ಣು ಹಾಕಿದ್ದನ್ನು ಅವರೇ ಕಣ್ಣಾರೆ ನೋಡಿದ್ದರು. ಸಿಪ್ಪೆ ಹಿತ್ತಿಲಲ್ಲಿ ಗುಡ್ಡೆ ಬಿದ್ದಿತ್ತು. ಹಣ್ಣು ಲೋಟದಲ್ಲಿ ಇರಲೇಬೇಕು. ಲೋಟದಲ್ಲಿದ್ದೂ ನಾಲಿಗೆಗೆ ಸಿಗುತ್ತಿಲ್ಲ ಎಂದರೆ ಅರ್ಥ ಒಂದೇ. ಆ ಅರ್ಥವನ್ನು ಅವರು ಯಾರ ಹತ್ತಿರವೂ ಆಡಲಿಲ್ಲ. ಚೂಡಾಮಣಿ ಬಡಿಸಿದ ಸಾರಿಗೆ ಸುಮ್ಮನೆ ತಲೆಯಾಡಿಸುತ್ತ, ಕೋಪ ಬಂದಾಗ ಪೇಪರಿನವನ ಮೇಲೆ ಕೂಗಾಡುತ್ತ ಇನ್ನೊಂದು ತಿಂಗಳು ಕಳೆದರು.

ನಾಲ್ಕನೆಯದನ್ನು ಸವಿಯಲು ನವೆಂಬರಿನ ಒಂದು ಶನಿವಾರ ಸಂಜೆ ನಾಲ್ಕಕ್ಕೆ ಗೂಳಪ್ಪನವರೇ ಮನೆಗೆ ಬರುತ್ತಾರೆ ಎಂದು ನಿಕ್ಕಿಯಾಯಿತು. ಇಪ್ಪತ್ತು ಹಣ್ಣು ಬಿದ್ದಿದ್ದವು ಅದಕ್ಕೆ, ಮರ ಬೋಳಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಶ್ರೀಕರ ಲೋಟ ತಂದ. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ ಅಂತ ಅವನ ಕಣ್ಣೇ ಹೇಳುತ್ತಿತ್ತು. ರಾಮಪ್ರಸಾದರು ಎತ್ತಿ ಸುರಿದುಕೊಂಡರು. ಕೆನ್ನೆಯಲ್ಲಿ ಆಡಿಸಿದರು. ಕಣ್ಣು ಮುಚ್ಚಿ ಹುಡುಕಿದರು. ತಣ್ಣಗಿತ್ತು, ಸಿಹಿಯಾಗಿತ್ತು, ಕಹಿಯಾಗಿತ್ತು, ನೊರೆ ನಾಲಿಗೆಯ ಮೇಲೆ ಚುರುಗುಟ್ಟಿತು. ಹಣ್ಣು ಇರಲಿಲ್ಲ.

ಉಗಿದು ತಿರುಗಿದರೆ ಹುಡುಗ ಪೆನ್ನು ಹಿಡಿದು ನಿಂತಿದ್ದಾನೆ. ಇನ್ನು ಬೇಯಿಸಲು ಹೊತ್ತಿಲ್ಲ, ಹುಳಿಯಲು ದಿನವಿಲ್ಲ, ಮರದಲ್ಲಿ ಕಾಯಿಯಿಲ್ಲ. ಅವರಿಗೆ ಅವನ ಮೇಲೆ, ಬಿಯರಿನ ಮೇಲೆ, ತಮ್ಮ ಮೇಲೆ ಎಲ್ಲದರ ಮೇಲೂ ಒಟ್ಟಿಗೇ ಬೇಸರ ಹತ್ತಿತು.

"ಬಂದಿದೆ" ಎಂದರು.

"ಏನು ದೊಡ್ಡಪ್ಪ?"

"ಹಣ್ಣು ಕಣೋ. ಈಗ ಬಂದಿದೆ. ಸರಿಯಾಗಿದೆ. ಹೋಗು."

ಮೂವತ್ತಮೂರು ವರ್ಷದಲ್ಲಿ ರುಚಿಯ ವಿಷಯದಲ್ಲಿ ಅವರು ಹೇಳಿದ ಮೊದಲ ಸುಳ್ಳು ಅದು. ಹುಡುಗ ಕಾಲಿಗೆ ನಮಸ್ಕಾರ ಮಾಡಿದ. ಅದನ್ನು ತಡೆಯುವುದಕ್ಕೂ ಅವರಿಂದ ಆಗಲಿಲ್ಲ.

ಗೂಳಪ್ಪನವರು ಹೇಳಿದ ಹೊತ್ತಿಗೆ ಬಂದರು. ಬಾಗಲಕೋಟೆಯ ಕಡೆಯವರು, ಹದಿನೈದು ವರ್ಷದ ಹಿಂದೆ ಬಿ.ಟಿ.ಎಂ. ಲೇಔಟಿನಲ್ಲಿ ಜೋಳದ ರೊಟ್ಟಿಯ ಖಾನಾವಳಿ ಇಟ್ಟು ಮೇಲೆ ಬಂದವರು. ಬಿಳಿ ಅಂಗಿ, ದಪ್ಪ ಮೀಸೆ, ಮೆಲ್ಲನೆಯ ಮಾತು. ಹಿತ್ತಿಲಿನಲ್ಲಿ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ರಾಮಪ್ರಸಾದರಿಗೆ ಕೈಮುಗಿದರು.

"ನಮ್ಮ ಕಡೆ ಚಾ ಮಂದಿರೀ ನಾವು. ಆದ್ರೂ ನಿಮ್ಮ ಹೆಸರು ಕೇಳೀನಿ. ಯಜಮಾನ್ರು ಛಲೋ ಐತಿ ಅಂದಾರ ಅಂತ ಶ್ರೀಕರ ಫೋನ್ ಮಾಡಿದ್ದ. ಮತ್ತ ಚಿಂತಿ ಏನೈತಿ."

ರಾಮಪ್ರಸಾದರು ಏನೋ ಗೊಣಗಿ ಕುರ್ಚಿಯ ತುದಿಯಲ್ಲಿ ಕೂತರು. ಶ್ರೀಕರ ಗಾಜಿನ ಗ್ಲಾಸಿಗೆ ಬಗ್ಗಿಸಿ ಕೊಟ್ಟ. ಗೂಳಪ್ಪನವರು ಗ್ಲಾಸನ್ನು ಮೂಗಿನವರೆಗೆ ತಂದರು, ಅಷ್ಟಕ್ಕೇ ಹುಬ್ಬು ಮೇಲೇರಿತು. ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ಗ್ಲಾಸನ್ನು ನಿಧಾನವಾಗಿ ಕೆಳಗಿಟ್ಟರು.

"ತಮ್ಮಾ, ಇದೇನೋ ಇದು? ಚಕ್ಕೋತದ ಸಿಪ್ಪಿ ಹಿಂಡಿ ಕುಡಿಸಿದಂಗ ಆಗೇತಲ್ಲೋ. ಗೋಧಿ ಎಲ್ಲೈತಿ? ಮ್ಯಾಲೆ ಎರಡು ಗುಟುಕಿಗೇ ತಲಿ ಗಿಮ್ಮಂತೈತಿ. ಗಿರಾಕಿ ಒಂದು ಗ್ಲಾಸ್ ಕುಡದು ಅಲ್ಲೇ ಮಕ್ಕೊಂಡ್ರ ನಾ ಹೋಟೆಲ್ ನಡಸೂದೋ, ಲಾಡ್ಜ್ ನಡಸೂದೋ?"

ಶ್ರೀಕರ ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಗೂಳಪ್ಪನವರ ಮುಖ ನೋಡುತ್ತಿದ್ದರು.

"ಹಣ್ಣು ಇದೆಯೇ ಅದರಲ್ಲಿ?" ಎಂದು ಕೇಳಿದರು.

"ಹಣ್ಣ ಬಿಟ್ಟು ಬ್ಯಾರೆ ಏನೈತ್ರೀ ಇದರಾಗ?"

ರಾಮಪ್ರಸಾದರು ಎದ್ದರು. ತಮ್ಮ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು, ಎತ್ತಿ, ಸುರಿದುಕೊಂಡು, ಉಗಿದರು. ಸಿಹಿ, ಕಹಿ. ಇನ್ನೊಂದು ಸಲ. ಸಿಹಿ, ಕಹಿ. ಗೂಳಪ್ಪನವರು ಬೆರಗಾಗಿ ನೋಡುತ್ತ ಕೂತವರು, ಮೂರನೆಯ ಸಲ ಲೋಟ ಮೇಲೇರುವಾಗ ತಡೆಯಲಾರದೆ ಕೇಳಿದರು.

"ಯಜಮಾನ್ರ, ತಪ್ಪು ತಿಳೀಬ್ಯಾಡ್ರಿ. ನೀವು ಎಲ್ಲಾ ಸಲಾನೂ ಹಿಂಗ ಮ್ಯಾಲಿಂದ ಸುರುವಿಕೊಂಡ ನೋಡಿದ್ರ್ಯಾ?"

"ಹೌದು. ಮತ್ತಿನ್ನು ಹೇಗೆ ನೋಡೋದು?"

"ಮೂಗಿಗೆ ಹತ್ತಲಾರದ ವಾಸನಿ ಹೆಂಗ ಬರಬೇಕ್ರೀ? ಇದು ಥಂಡ ಐತಿ."

ಅಲ್ಲಿಗೆ ರಾಮಪ್ರಸಾದರ ಕೈ ನಿಂತಿತು. ಡಿಕಾಕ್ಷನ್ ಕುದಿಯುತ್ತಿರುತ್ತಿತ್ತು. ಲೋಟ ಗೇಣಲ್ಲ, ಮೊಳ ದೂರ ಇದ್ದರೂ ಹಬೆ ತಾನಾಗಿಯೇ ಎದ್ದು ಮೂಗಿಗೆ ಬರುತ್ತಿತ್ತು. ಮೂವತ್ತಮೂರು ವರ್ಷ ಅವರು ನಾಲಿಗೆ ನಾಲಿಗೆ ಎಂದು ಬೀಗಿದ್ದರಲ್ಲಿ ಮುಕ್ಕಾಲು ಪಾಲು ಮೂಗಿನ ಕೆಲಸ. ಈ ತಣ್ಣನೆಯ ನೊರೆಯಿಂದ ಹಬೆ ಏಳುವುದಿಲ್ಲ. ಇದರ ಹತ್ತಿರಕ್ಕೆ ಮೂಗೇ ಹೋಗಬೇಕು. ಹೋಗಬೇಕಾದರೆ ಲೋಟ ತುಟಿಗೆ ತಾಗಬೇಕು. ಇಷ್ಟು ಸಣ್ಣ ವಿಷಯ, ಅದೂ ಚಾ ಕುಡಿಯುವವರು ಬಂದು ಹೇಳಬೇಕಾಯಿತು. ಅವರಿಗೆ ತಮ್ಮ ಕೆನ್ನೆಗೆ ತಾವೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬಂತು.

ಟೇಬಲ್ಲಿನ ಮೇಲೆ ಖಾಲಿ ಗ್ಲಾಸೊಂದಿತ್ತು. ಅದಕ್ಕೆ ಎರಡು ಬೆರಳು ಬಗ್ಗಿಸಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಚೂಡಾಮಣಿ ನಿಂತಿರುವುದು ಕಾಣಿಸುತ್ತಿತ್ತು. ಕಂಡೂ ಕಾಣದವರಂತೆ ಗ್ಲಾಸಿನ ಅಂಚನ್ನು ತುಟಿಯಲ್ಲಿ ಕಚ್ಚಿ, ಮೂಗನ್ನು ಒಳಗೆ ಬಿಟ್ಟು, ಒಂದು ಗುಟುಕು ಎಳೆದುಕೊಂಡು ನುಂಗಿದರು.

ಚಕ್ಕೋತ. ತೊಳೆಯಲ್ಲ, ಸಿಪ್ಪೆ ಸುಲಿಯುವಾಗ ಚಿಮ್ಮಿ ಕಣ್ಣಿಗೆ ಬೀಳುವ ಎಣ್ಣೆಯ ಚಕ್ಕೋತ, ತಲೆ ಸುತ್ತುವಷ್ಟು. ಕೆಮ್ಮು ಬಂತು. ಕೆಮ್ಮಿನ ನಡುವೆಯೂ ಅವರಿಗೆ ಅಳು ಬರುವಷ್ಟು ಖುಷಿಯಾಯಿತು. ಬೆಲ್ಲ ಜಾಸ್ತಿ, ಅದೂ ಹೊಸ ಬೆಲ್ಲ, ಉಪ್ಪಿನ ಅಂಶವಿದೆ. ತಳದಲ್ಲೆಲ್ಲೋ, ಯಾರೂ ಹಾಕದಿದ್ದರೂ ಹುಳಿಯುವಾಗ ತಾನೇ ಹುಟ್ಟಿದ ಒಂದು ಎಳೆ ಲವಂಗ. ಎಲ್ಲ ಸಿಗುತ್ತಿದೆ, ಒಂದೊಂದೂ ಬೇರೆ ಬೇರೆಯಾಗಿ ಸಿಗುತ್ತಿದೆ. ಹಾಗಾದರೆ ನಾಲಿಗೆ ಹೋಗಿಲ್ಲ. ಹಾಗಾದರೆ ದಾಸಪ್ಪನವರ ಮಗ ಹೇಳಿದ್ದು ಸುಳ್ಳು, ತಾವು ಹತ್ತು ಸಲ ಹೇಳಿದ್ದೇ ನಿಜ. ಎರಡು ವರ್ಷ ಸುಮ್ಮನೆ ಹೆದರಿ ಸತ್ತದ್ದಾಯಿತು.

"ಶ್ರೀಕರ, ಮೊದಲನೇ ಸಲದ್ದು ಉಳಿದಿದೆಯೇನೋ?"

"ಒಂದು ಬಾಟಲ್ ಇದೆ. ಯಾಕೆ?"

"ತೊಗೊಂಡು ಬಾ."

ಐದು ಹಣ್ಣಿನ ಬಿಯರು ಬಂತು. ರಾಮಪ್ರಸಾದರು ಗ್ಲಾಸು ತೊಳೆದು ಬಗ್ಗಿಸಿಕೊಂಡರು, ಮೂಗಿಟ್ಟರು, ಗುಟುಕರಿಸಿದರು. ಆಮೇಲೆ ಗೂಳಪ್ಪನವರಿಗೂ ಬೇರೆ ಗ್ಲಾಸಿನಲ್ಲಿ ಕೊಡಿಸಿದರು. ಗೂಳಪ್ಪನವರು ಕುಡಿದು, ಮತ್ತೆ ಕುಡಿದು, ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು. ಇದಕ್ಕ ಅಂತಾರ. ಇದನ್ನ ಮೊದಲ ಮಾಡಿದ್ದ್ಯಾ? ಮತ್ತ ಕೆಡಿಸಿದ್ಯಾಕೋ? ಅಳತಿ ಗೊತ್ತಿಲ್ಲೇನ ನಿನಗ?"

ಶ್ರೀಕರ ತಲೆ ತಗ್ಗಿಸಿ ನಿಂತ. ದೊಡ್ಡಪ್ಪನ ಹೆಸರು ಹೇಳಲಿಲ್ಲ. ಹೇಳದೆ ನಿಂತದ್ದನ್ನೇ ರಾಮಪ್ರಸಾದರಿಗೆ ತಡೆದುಕೊಳ್ಳಲಾಗಲಿಲ್ಲ. ಈಗ ತಾನೇ ಕೈಗೆ ಸಿಕ್ಕಿದ ನಾಲಿಗೆ. ಸುಮ್ಮನಿದ್ದುಬಿಟ್ಟರೆ ಅದರ ಮರ್ಯಾದೆ ಉಳಿಯುತ್ತದೆ, ಹುಡುಗನ ಕೆಲಸ ಹೋಗುತ್ತದೆ.

"ಅವನಿಗೆ ಅಳತೆ ಗೊತ್ತಿದೆ" ಎಂದರು. "ಮೊದಲನೇದು ಅವನ ಅಳತೆ. ಆಮೇಲಿನ ಮೂರೂ ನನ್ನವು. ಹಣ್ಣಿಲ್ಲ, ಇನ್ನೂ ಹಾಕು ಅಂತ ನಾನೇ ಹಾಕಿಸಿದ್ದು. ಇವತ್ತು ಬೆಳಿಗ್ಗೇನೂ ನನಗೆ ಹಣ್ಣು ಸಿಕ್ಕಿರಲಿಲ್ಲ. ಸಿಕ್ಕಿದೆ ಅಂತ ಸುಳ್ಳು ಹೇಳಿದೆ."

ಶ್ರೀಕರ ತಲೆ ಎತ್ತಿ ಅವರನ್ನು ನೋಡಿದ. ಗೂಳಪ್ಪನವರು ಮೀಸೆ ತಿರುವುತ್ತ ಎದ್ದರು. ಅವರಿಗೆ ಕೋಪವೇನೂ ಬಂದಿರಲಿಲ್ಲ, ಅದೇ ಕಷ್ಟ.

"ಆತು ಬಿಡ್ರಿ ಯಜಮಾನ್ರ, ಹಿರೇರು ನೀವು. ತಮ್ಮಾ, ಮೊದಲಿನ ಅಳತಿಗೇ ಮಾಡು. ಲೈಸನ್ಸ್ ಬಂದ ದಿನ ನಿಂದ ಕೆಲಸ. ಆದ್ರ ಒಂದು ಮಾತು. ಇನ್ನ ಮ್ಯಾಲೆ ರುಚಿ ನೋಡಾಕ ಇವರನ್ನ ತ್ರಾಸ ಕೊಡಬ್ಯಾಡ."

ಕೈಮುಗಿದು ಹೊರಟರು. ಶ್ರೀಕರ ಗೇಟಿನವರೆಗೆ ಕಳಿಸಿಬಂದು, ಖಾಲಿ ಬಾಟಲಿಗಳನ್ನೂ ನೋಟ್‌ಬುಕ್ಕನ್ನೂ ಎತ್ತಿಕೊಳ್ಳತೊಡಗಿದ. ಮೂರು ತಿಂಗಳ ಕೆಲಸ. ಬೈದಿದ್ದರೆ ಚೆನ್ನಾಗಿತ್ತು, ಅವನು ಬೈಯಲಿಲ್ಲ.

"ನೋಡೋ" ಎಂದರು ರಾಮಪ್ರಸಾದರು, "ಮುಂದಿನ ಸಲ ಗಾಜಿನ ಗ್ಲಾಸಲ್ಲಿ ಕೊಡು. ಅಷ್ಟು ತಣ್ಣಗೆ ಬೇಡ. ಸರಿಯಾಗಿ ಹೇಳ್ತೀನಿ. ಈಗ ಎಲ್ಲಾ ಸಿಗ್ತಿದೆ ನನಗೆ. ನೀನು ಹಾಕಿರೋದು ಹೊಸ ಬೆಲ್ಲ ಅನ್ನೋದೂ ಗೊತ್ತಾಯ್ತು."

"ಪರವಾಗಿಲ್ಲ ದೊಡ್ಡಪ್ಪ, ನೀವು ರೆಸ್ಟ್ ಮಾಡಿ. ನಾನೇ ನೋಡ್ಕೋತೀನಿ" ಎಂದ ಶ್ರೀಕರ. ಮರ್ಯಾದೆಯಿಂದಲೇ ಹೇಳಿ ಮಹಡಿ ಹತ್ತಿದ.

ಬಾಗಿಲಲ್ಲಿದ್ದ ಚೂಡಾಮಣಿ ಗ್ಲಾಸನ್ನೂ ಗಂಡನನ್ನೂ ಒಂದು ಸಲ ನೋಡಿ ಒಳಗೆ ಹೋದಳು. ಅಡುಗೆಮನೆಯ ಬಾಗಿಲು ಮುಚ್ಚಿದ ಸದ್ದಾಯಿತು. ಮುಚ್ಚಲಿ ಎಂದುಕೊಂಡರು ರಾಮಪ್ರಸಾದರು. ಗೂಳಪ್ಪನವರು ಕೂತಿದ್ದ ಕುರ್ಚಿಯಲ್ಲಿ ಕೂತು, ಮೊದಲನೆಯ ಬಾಟಲಿಯಲ್ಲಿ ಉಳಿದದ್ದನ್ನು ಗ್ಲಾಸಿಗೆ ಬಗ್ಗಿಸಿಕೊಂಡು, ಕಚ್ಚಿ, ಒಂದೊಂದೇ ಗುಟುಕು ನುಂಗಿದರು. ಮೊದಲು ಚಕ್ಕೋತ ಬಂತು, ಹದವಾಗಿ. ಹಿಂದೆಯೇ ಲವಂಗ, ಮಾಗಿದ ಬಾಳೆಹಣ್ಣಿನಂಥದ್ದೊಂದು, ಕಡೆಯಲ್ಲಿ ಹುರಿದ ಗೋಧಿಯ ಸಿಹಿ. ಒಂದೂ ತಪ್ಪಿರಲಿಲ್ಲ. ಹೇಗಿದೆ ಎಂದು ಯಾರೂ ಕೇಳಲಿಲ್ಲ.